ತೋಟದ ಉಡ, ಕಡಲಿನ ಆಲ್ಬಟ್ರಾಸ್: ಯಾವುದರ ಸಂತತಿ ಬೇಗ ಕುಸಿಯುತ್ತದೆ?

ಆಲ್ಬಟ್ರಾಸ್‌ನದು. ಕೊಡಗಿನ ಕಾಫಿ ತೋಟಗಳಲ್ಲಿ ಕಾಣುವ ಉಡಕ್ಕೂ ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಕಡಲಹಕ್ಕಿಯಾದ ಅಲೆಮಾರಿ ಆಲ್ಬಟ್ರಾಸ್‌ಗೂ ತೂಕದಲ್ಲಿ ಭಾರೀ ಅಂತರವೇನಿಲ್ಲ. ದೊಡ್ಡ ಉಡ 7 ಕೆ.ಜಿ. ಮುಟ್ಟಬಹುದು, ಆಲ್ಬಟ್ರಾಸ್ 6ರಿಂದ 12 ಕೆ.ಜಿ. (ರೆಕ್ಕೆ ಬಿಚ್ಚಿದರೆ ಮಾತ್ರ ಸುಮಾರು 3 ಮೀಟರ್!) ವ್ಯತ್ಯಾಸ ಇರುವುದು ಮೊಟ್ಟೆಯಲ್ಲಿ.

ಉಡ ನೆಲ ತೋಡಿ ಅಥವಾ ಹುತ್ತದೊಳಗೆ ಒಮ್ಮೆಗೆ 20ರ ಆಸುಪಾಸು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೊರಟುಬಿಡುತ್ತದೆ. ಕಾವು ಮಣ್ಣಿನದೇ, ಮರಿ ಹೊರಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರೊಳಗೆ ಯಾರಾದರೂ ಹುತ್ತ ಒಡೆದರೆ ಅಷ್ಟೂ ಮೊಟ್ಟೆ ಹಾಳು.

ಆಲ್ಬಟ್ರಾಸ್ ಇಡುವುದು ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 11 ವಾರ ಕಾವು ಕೊಟ್ಟು, ಆಮೇಲೆ ಒಂಬತ್ತು ತಿಂಗಳು ಮರಿ ಸಾಕುತ್ತವೆ. ಹಾಗಾಗಿ ಮರಿ ಬೆಳೆಸಿದ ಜೋಡಿ ಎರಡು ವರ್ಷಕ್ಕೊಮ್ಮೆಯಷ್ಟೇ ಗೂಡು ಕಟ್ಟುತ್ತದೆ. ಮೀನುಗಾರರು ಕಡಲಲ್ಲಿ ಬಿಡುವ, ಸಾಲು ಸಾಲು ಗಾಳ ಕಟ್ಟಿದ ಉದ್ದ ಹಗ್ಗಕ್ಕೆ ಒಂದು ಹಕ್ಕಿ ಸಿಕ್ಕಿ ಮುಳುಗಿ ಸತ್ತರೆ, ಗೂಡಿನ ಮರಿಯೂ ಉಳಿಯುವುದು ಕಷ್ಟ. ಇಷ್ಟು ನಿಧಾನವಾಗಿ ಮರಿ ಮಾಡುವುದರಿಂದಲೇ ಅದರ ಸಂತತಿ ಬೇಗ ಕುಸಿಯುವುದು.

ಉಡಕ್ಕೂ ಅಪಾಯ ತಪ್ಪಿಲ್ಲ, ಮಾಂಸಕ್ಕಾಗಿ ಹಿಡಿಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿರುವ ಪ್ರಾಣಿ ಅದು. ತೋಟದಲ್ಲಿ ಕಂಡರೆ ನಾಯಿಗಳನ್ನು ಕಟ್ಟಿಹಾಕಿ, ದಾರಿ ಬಿಡಿ. ತಾನಾಗಿಯೇ ಹೋಗುತ್ತದೆ.