ಕಡಲಾಮೆ ಮೊಟ್ಟೆ ಇಡಲು ದಡಕ್ಕೇ ಯಾಕೆ ಬರುತ್ತದೆ?

ಜೀವನವೆಲ್ಲ ನೀರಲ್ಲೇ ಕಳೆಯುವ ಆಮೆ ಮೊಟ್ಟೆಗೆ ಮಾತ್ರ ಕಾರವಾರ, ಹೊನ್ನಾವರದ ಮರಳಿಗೆ ತೆವಳುವ ತಾಪತ್ರಯ ಯಾಕೆ ಅಂತ ಕೇಳಿದ್ದೀರಿ. ಅದರ ಮೊಟ್ಟೆ ನೆಲಕ್ಕೆ ಒಗ್ಗಿದ್ದು, ಅಷ್ಟೇ.

ಶಿರಸಿಯ ಗದ್ದೆಯ ಕಪ್ಪೆ ನೋಡಿ. ಅದರ ಮೊಟ್ಟೆಗೆ ಚಿಪ್ಪಿಲ್ಲ, ತೇವ ಆರಿದರೆ ಮುಗೀತು. ಸುಮಾರು 31 ಕೋಟಿ ವರ್ಷಗಳ ಹಿಂದೆ ಸರೀಸೃಪಗಳ ಪೂರ್ವಜರು ಈ ಕಟ್ಟು ಬಿಡಿಸಿಕೊಂಡರು. ಮೊಟ್ಟೆಯೊಳಗೇ ಒಂದು ನೀರಿನ ಚೀಲ, ಅದರಲ್ಲಿ ಭ್ರೂಣ. ಊಟಕ್ಕೆ ಹಳದಿ ಭಾಗ. ಕಲ್ಮಶಕ್ಕೆ ಇನ್ನೊಂದು ಚೀಲ. ಹೊರಗೆ ಗಾಳಿಯಾಡುವ ಚಿಪ್ಪು. ನೀರು ಆರದಂಥ ಚರ್ಮ, ಒಳ್ಳೆಯ ಶ್ವಾಸಕೋಶವೂ ಬೇಕಿತ್ತು ಅನ್ನಿ.

ಕಡಲಾಮೆಯ ಪೂರ್ವಜರು ಆಮೇಲೆ ಸಮುದ್ರಕ್ಕೆ ಮರಳಿದರು, ಮೊಟ್ಟೆ ಮಾತ್ರ ಹಾಗೇ ಉಳಿಯಿತು. ನೀರಲ್ಲಿ ಬಿಟ್ಟರೆ ಒಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ. ನಮ್ಮ ಮೀನುಬಲೆಗೆ ಸಿಗುವ ಕಡಲಹಾವುಗಳು ಜಾಸ್ತಿ ಜಾಣ: ಹೆಚ್ಚಿನವು ನೀರಲ್ಲೇ ಮರಿ ಹಾಕುತ್ತವೆ.