ಇಟಲಿಯ ವೈನ್‌ಗಳನ್ನು ಪ್ರಾಂತವಾರು ತಿಳಿಯಬೇಕು, ಎಲ್ಲಿಂದ ಶುರು ಮಾಡಲಿ?

ಅಂಗಡಿಯಲ್ಲಿ ಹೆಸರುಗಳ ರಾಶಿ ನೋಡಿಯೇ ತಲೆ ಕೆಡುತ್ತದೆ, ಯಾವ ಪ್ರಾಂತದಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಇಟಲಿಯಲ್ಲಿ 20 ಪ್ರಾಂತಗಳಿವೆ, ಎಲ್ಲದರಲ್ಲೂ ವೈನ್ ಆಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ಪ್ರಾಂತ ಆರಿಸಿ, ಅಲ್ಲಿನ ಎರಡು ಬಾಟಲಿ ತಂದು ಅಕ್ಕಪಕ್ಕ ಇಟ್ಟು ಕುಡಿಯಿರಿ. ಒಂದೊಂದಾಗಿ ಕುಡಿದರೆ ಯಾವುದೂ ನೆನಪಲ್ಲಿ ಉಳಿಯುವುದಿಲ್ಲ.

ಗೊಂದಲಕ್ಕೆ ದೊಡ್ಡ ಕಾರಣ ಲೇಬಲ್. ಅಲ್ಲಿ ಬಹಳಷ್ಟು ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರಿರುವುದಿಲ್ಲ, ಊರಿನ ಹೆಸರಿರುತ್ತದೆ. ಬರೋಲೊ ಒಂದು ಊರು, ಬಾಟಲಿಯೊಳಗಿರುವುದು ನೆಬ್ಬಿಯೋಲೊ ದ್ರಾಕ್ಷಿ. ಮೊಂಟೆಪುಲ್ಚಾನೊ ಎಂಬ ಹೆಸರಲ್ಲಂತೂ ಎಲ್ಲರೂ ಎಡವುತ್ತಾರೆ. 'ವಿನೋ ನೋಬಿಲೆ ದಿ ಮೊಂಟೆಪುಲ್ಚಾನೊ' ಎಂದಿದ್ದರೆ ಅದು ಟಸ್ಕನಿ ಪ್ರಾಂತದ ಊರು, ಅದರಲ್ಲಿ ಮುಖ್ಯವಾಗಿ ಸಾಂಜಿಯೊವೇಸೆ ದ್ರಾಕ್ಷಿ. 'ಮೊಂಟೆಪುಲ್ಚಾನೊ ದಾಬ್ರುಟ್ಸೊ' ಎಂದಿದ್ದರೆ ಅದೇ ಹೆಸರಿನ ಬೇರೆಯೇ ದ್ರಾಕ್ಷಿ, ಅಬ್ರುಟ್ಸೊ ಪ್ರಾಂತದ್ದು.

ನಾನಾದರೆ ವಾಯವ್ಯದ ಪಿಯೆಮೊಂಟೆಯಿಂದ ಶುರು ಮಾಡಿ ಎನ್ನುತ್ತೇನೆ. ಅಲ್ಲಿನ ಹೆಸರಾಂತ ಕೆಂಪು ವೈನ್‌ಗಳಲ್ಲಿ ಹಲವು ದ್ರಾಕ್ಷಿಗಳ ಬೆರಕೆ ಕಡಿಮೆ, ಒಂದೇ ದ್ರಾಕ್ಷಿಯ ಗುಣ ನೇರವಾಗಿ ಸಿಗುತ್ತದೆ. ಮೊದಲ ದಿನಕ್ಕೆ ಒಂದು 'ಬಾರ್ಬೆರಾ ದಾಲ್ಬಾ', ಒಂದು 'ಲಾಂಗೆ ನೆಬ್ಬಿಯೋಲೊ' ಸಾಕು. ಬಾರ್ಬೆರಾ, ನೆಬ್ಬಿಯೋಲೊ ದ್ರಾಕ್ಷಿಯ ಹೆಸರು; ಆಲ್ಬಾ, ಲಾಂಗೆ ಜಾಗದ ಹೆಸರು. ಬರೋಲೊಗೆ ಈಗಲೇ ದುಡ್ಡು ಹಾಕಬೇಡಿ. ತಲಾ 75 ಮಿಲಿ ಸುರಿದರೆ ಒಂದು ಬಾಟಲಿ ಹತ್ತು ಜನಕ್ಕೆ ಬರುತ್ತದೆ, ಆದ್ದರಿಂದ ನಾಲ್ಕು ಗೆಳೆಯರನ್ನು ಕರೆಯಿರಿ, ಖರ್ಚೂ ಹಂಚಿಹೋಗುತ್ತದೆ.

ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ನೋಡಿ. ಬಾರ್ಬೆರಾ ದಟ್ಟ ನೇರಳೆ. ನೆಬ್ಬಿಯೋಲೊ ತೆಳು, ಅದರ ಮೂಲಕ ಅಕ್ಷರ ಓದಬಹುದು, ವಯಸ್ಸಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ನೋಡಿ ಸಪ್ಪೆ ಇರಬೇಕು ಅಂದುಕೊಂಡರೆ ಮೋಸಹೋದಿರಿ. ಬಾಯಿಗೆ ಹಾಕಿದರೆ ನೇರಳೆ ಹಣ್ಣು ತಿಂದ ಹಾಗೆ ಒಸಡು ಹಿಡಿದುಕೊಳ್ಳುತ್ತದೆ. ಆ ಒಗರೇ ಟ್ಯಾನಿನ್. ಬಾರ್ಬೆರಾದಲ್ಲಿ ಒಗರು ಬಹಳ ಕಡಿಮೆ, ಬದಲಿಗೆ ಬಾಯಲ್ಲಿ ನೀರೂರಿಸುವ ಹುಳಿ. ಹುಳಿ ಮತ್ತು ಒಗರನ್ನು ಬೇರೆ ಮಾಡಿ ಗುರುತಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಮೊದಲ ಎರಡು ಗುಟುಕು ಬರೀ ವೈನ್, ಆಮೇಲೆ ಗಟ್ಟಿ ಚೀಸ್ ಜೊತೆ. ಚೀಸ್‌ನ ಪ್ರೋಟೀನು ಮತ್ತು ಕೊಬ್ಬು ಒಗರನ್ನು ಇಳಿಸುತ್ತವೆ. ಖಾರದ ತಿಂಡಿ ಇಟ್ಟುಕೊಂಡು ನೆಬ್ಬಿಯೋಲೊ ಅಳೆಯಬೇಡಿ, ಒಗರೂ ಆಲ್ಕೋಹಾಲಿನ ಉರಿಯೂ ಎರಡೂ ಏರುತ್ತವೆ. 'ರೂಮ್ ಟೆಂಪರೇಚರ್' ಎಂಬ ಮಾತನ್ನು ನಮ್ಮ ಬೇಸಿಗೆಗೆ ಅನ್ವಯಿಸಬೇಡಿ. ಈ ಕೆಂಪು ವೈನ್‌ಗಳಿಗೆ ಬೇಕಾದ್ದು 16ರಿಂದ 18 ಡಿಗ್ರಿ. ಐಸ್ ನೀರಿನ ಬಕೆಟ್ಟಿನಲ್ಲಿ 10 ನಿಮಿಷ ನಿಲ್ಲಿಸಿ. ತೀರಾ ತಣ್ಣಗಾದರೆ ಒಗರು ಒರಟಾಗುತ್ತದೆ, ಸ್ವಲ್ಪ ಕಾಯಿರಿ.

ಇಷ್ಟಾದ ಮೇಲೆ ಬರೋಲೊ. ನಿಯಮದ ಪ್ರಕಾರ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ನೆರೆಯ ವಲಯದ, ಅದೇ ದ್ರಾಕ್ಷಿಯ ಬಾರ್ಬರೆಸ್ಕೊಗೆ 26 ತಿಂಗಳು ಸಾಕು. ಬರೋಲೊ ವಲಯದಲ್ಲಿ 11 ಗ್ರಾಮಗಳಿವೆ. ಲಾ ಮೊರ್ರಾ ಕಡೆಯದ್ದು ಸಾಮಾನ್ಯವಾಗಿ ಮೃದು, ಸೆರಾಲುಂಗಾ ಕಡೆಯದ್ದು ಬಿಗಿ, ಮಣ್ಣೇ ಬೇರೆ. ಎಳೆಯ ಬರೋಲೊವನ್ನು ಎರಡು ಗಂಟೆ ಮೊದಲೇ ಡಿಕ್ಯಾಂಟರ್‌ಗೆ, ಅಂದರೆ ವೈನ್‌ಗೆ ಗಾಳಿ ಆಡಿಸುವ ಗಾಜಿನ ಹೂಜಿಗೆ, ಸುರಿದಿಡಿ.

ಮುಂದಿನದು ಟಸ್ಕನಿ, ಸಾಂಜಿಯೊವೇಸೆಯ ನಾಡು. ಅಲ್ಲಿನ ಕೆಂಪು ವೈನ್‌ಗಳಾದ ಕಿಯಾಂಟಿ, ಕಿಯಾಂಟಿ ಕ್ಲಾಸಿಕೊ ಒಂದೇ ಅಲ್ಲ. ಕ್ಲಾಸಿಕೊ ಎಂದರೆ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಹಳೆಯ ವಲಯ, ಬಾಟಲಿಯ ಮೇಲೆ ಕರಿ ಹುಂಜದ ಗುರುತು, ಕನಿಷ್ಠ 80% ಸಾಂಜಿಯೊವೇಸೆ. ಮೊಂಟಾಲ್ಚಿನೊ ಊರಿನ ಸಾಂಜಿಯೊವೇಸೆ ವೈನ್ ಬ್ರುನೆಲ್ಲೊ ದುಬಾರಿ, ಅದೇ ಊರಿನ ಅದೇ ದ್ರಾಕ್ಷಿಯ 'ರೊಸ್ಸೊ ದಿ ಮೊಂಟಾಲ್ಚಿನೊ' ಕಲಿಯಲು ಸಾಕು. ನಮ್ಮ ಹಂಪಿ ಹಿಲ್ಸ್‌ನಲ್ಲೂ ಸಾಂಜಿಯೊವೇಸೆ ಬೆಳೆಯುತ್ತಾರೆ. ಒಂದು ಬಾಟಲಿ ಸಿಕ್ಕರೆ ಕಿಯಾಂಟಿಯ ಪಕ್ಕ ಇಟ್ಟು ಹುಳಿಯನ್ನು ಹೋಲಿಸಿ.

ಈಶಾನ್ಯದ ವೆನೆಟೊ ಪ್ರಾಂತದಲ್ಲಿ ಎರಡು ಸಂಗತಿ ಗೊತ್ತಿರಲಿ. ಅಮರೋನೆ ಎಂಬ ಕೆಂಪು ವೈನ್‌ಗೆ ದ್ರಾಕ್ಷಿಯನ್ನು ಸುಮಾರು ಮೂರು ತಿಂಗಳು ಒಣಗಿಸುತ್ತಾರೆ, ಹಾಗಾಗಿ ಆಲ್ಕೋಹಾಲು 14%ಕ್ಕೆ ಕಡಿಮೆ ಇರುವುದಿಲ್ಲ. ನೊರೆಯುಕ್ಕುವ ವೈನ್ ಪ್ರೊಸೆಕ್ಕೊ ಕೊಳ್ಳುವಾಗ 'ಎಕ್ಸ್‌ಟ್ರಾ ಡ್ರೈ' ಎಂದರೆ ಸಿಹಿಯೇ ಇಲ್ಲ ಎಂದುಕೊಳ್ಳಬೇಡಿ, ಅದು 'ಬ್ರುಟ್' ಎಂದು ಬರೆದ ಬಾಟಲಿಗಿಂತ ಸಿಹಿ. ಪಿಯೆಮೊಂಟೆ ಮನಸ್ಸಿಗೆ ಹಿಡಿಸಿದ್ದರೆ ಸಿಸಿಲಿಯ ಎಟ್ನಾ ರೊಸ್ಸೊ ಬಿಡಲೇಬೇಡಿ. ಜ್ವಾಲಾಮುಖಿಯ ಇಳಿಜಾರಿನ, ಮುಖ್ಯವಾಗಿ ನೆರೆಲ್ಲೊ ಮಾಸ್ಕಲೇಸೆ ದ್ರಾಕ್ಷಿಯ ವೈನ್ ಅದು, ನೆಬ್ಬಿಯೋಲೊ ಹಾಗೇ ತೆಳು ಬಣ್ಣ, ಹಾಗೇ ಬಿಗಿ.

ಕೊಳ್ಳುವಾಗ ಕಾರ್ಕ್ ಮೇಲೆದ್ದಿದ್ದರೆ, ಸೋರಿದ ಅಂಟಿದ್ದರೆ ಬೇಡ, ಬಿಸಿಗೆ ಕೆಟ್ಟಿರುವ ಸಾಧ್ಯತೆ ಹೆಚ್ಚು. ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ದೋಷ, ಅದು ಗಾಳಿಗಿಟ್ಟರೂ ಹೋಗುವುದಿಲ್ಲ, ವಾಪಸ್ ಕೊಡಿ. ಚೆನ್ನಾಗಿದ್ದು ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಮರುದಿನ ಮತ್ತೊಂದು ಗುಟುಕು ನೋಡಿ, ಎಳೆಯ ನೆಬ್ಬಿಯೋಲೊ ಎಷ್ಟೋ ಸಲ ಆಗಲೇ ಮೆತ್ತಗಾಗಿ ಗುಲಾಬಿಯ ಪರಿಮಳ ಬಿಡುತ್ತದೆ.