ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊಬೈಲಿನಲ್ಲಿ ಶುಭಸಂದೇಶ

ಅಂತರ್ಜಾಲದ ಮೂಲಕ ಕಥೋಲಿಕ ವಿಶ್ವಾಸವನ್ನು ಹಂಚಿಕೊಳ್ಳುವ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸುತ್ತಿದ್ದೇವೆ.

ನಮ್ಮದು ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟ. ದಿನದ ಶುಭಸಂದೇಶವನ್ನು (ಯೇಸುವಿನ ಬದುಕು, ಬೋಧನೆ ತಿಳಿಸುವ ಬೈಬಲ್ ಭಾಗ) ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ಲೈನ್‌ಮನೆಗಳಲ್ಲಿ ಇರುವವರು ಹೆಚ್ಚಿನವರು ತೆರೆಯುವುದೇ ಇಲ್ಲ. ಏನು ಮಾಡಬಹುದು?

ವಿಡಿಯೊ ಬಿಡಿ, ಧ್ವನಿಗೆ ಬನ್ನಿ. ಮೂರು ನಿಮಿಷದ ಸಾಧಾರಣ ವಿಡಿಯೊ 20 ಎಂಬಿ ದಾಟುತ್ತದೆ. ಅದೇ ಮೂರು ನಿಮಿಷದ ಧ್ವನಿಯನ್ನು 32 ಕೆಬಿಪಿಎಸ್ ಮೊನೊದಲ್ಲಿ (ಒಂದೇ ಚಾನೆಲಿನ, ಕಡಿಮೆ ಗಾತ್ರದ ಧ್ವನಿ) ಉಳಿಸಿದರೆ ಸುಮಾರು 720 ಕೆಬಿ ಅಷ್ಟೇ. ಸಿಗ್ನಲ್‌ನ ಒಂದು ಕಡ್ಡಿ ಬಂದು ಹೋಗುವ ತೋಟದಲ್ಲಿ ಮೊದಲನೆಯದು ಸುತ್ತುತ್ತಲೇ ಇರುತ್ತದೆ, ಎರಡನೆಯದು ಇಳಿದುಬಿಡುತ್ತದೆ. ಬೆಳಿಗ್ಗೆ ಒಲೆ ಮುಂದೆ ಕೂತವರಿಗೆ, ಕೆಲಸಕ್ಕೆ ನಡೆದು ಹೋಗುವವರಿಗೆ ಕಿವಿ ಬಿಡುವಾಗಿರುತ್ತದೆ, ಕಣ್ಣು ಇರುವುದಿಲ್ಲ. ಹಿಂದಿನ ರಾತ್ರಿಯೇ ಕಳಿಸಿಟ್ಟರೆ ಬೆಳಗಿನ ಹೊತ್ತಿಗೆ ಎಲ್ಲರ ಫೋನಿನಲ್ಲೂ ಇರುತ್ತದೆ.

ವಾಚನಕ್ಕೆ ಒಂದೂವರೆ ನಿಮಿಷ, ಒಂದೇ ಒಂದು ವಿಚಾರಕ್ಕೆ ಒಂದು ನಿಮಿಷ, ಕೊನೆಗೆ ಚಿಕ್ಕ ಪ್ರಾರ್ಥನೆ ಸಾಕು. ಮೂರು ವಿಚಾರ ತುರುಕಿದರೆ ಒಂದೂ ಉಳಿಯದು. ತಮಿಳು, ಮಲಯಾಳಂ, ಕೊಂಕಣಿ ಮನೆಮಾತಿನವರು ನಿಮ್ಮಲ್ಲಿದ್ದರೆ ಒಂದೇ ತುಣುಕಿನಲ್ಲಿ ಎಲ್ಲವನ್ನೂ ಕಲಸಬೇಡಿ. ಆಯಾ ಭಾಷೆಯವರೊಬ್ಬರಿಂದ ಬೇರೆ ಬೇರೆ ಓದಿಸಿ.

ಶ್ರಮ ಉಳಿಸುವ ಒಂದು ಸಂಗತಿ: ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಮರಳುತ್ತವೆ. ಆದರೆ ವಾರದ ದಿನಗಳ ಶುಭಸಂದೇಶ ಪ್ರತಿ ವರ್ಷವೂ ಅದೇ. ಸಾಧಾರಣ ಕಾಲದಲ್ಲಿ (ಕ್ರಿಸ್ಮಸ್, ಈಸ್ಟರಿನಂಥ ವಿಶೇಷ ಕಾಲಗಳ ಹೊರಗಿನ ವಾರಗಳು) ಬದಲಾಗುವುದು ಮೊದಲ ವಾಚನ ಮತ್ತು ಕೀರ್ತನೆ ಮಾತ್ರ, ಅದೂ ಎರಡು ವರ್ಷದ ಸರದಿಯಲ್ಲಿ. ಹಾಗಾಗಿ ಶುಭಸಂದೇಶದ ಓದನ್ನೂ ಚಿಂತನೆಯನ್ನೂ ಬೇರೆ ಬೇರೆ ಕಡತಗಳಾಗಿ ಇಟ್ಟುಕೊಂಡರೆ ಮುಂದಿನ ವರ್ಷ ಓದು ಸಿದ್ಧವಿರುತ್ತದೆ. ಕಡತಕ್ಕೆ ತಾರೀಕಿನ ಹೆಸರು ಕೊಡಬೇಡಿ. ಪಾಸ್ಖ ಹಬ್ಬ (ಈಸ್ಟರ್) ಹಿಂದೆ ಮುಂದೆ ಸರಿದಂತೆ ತಾರೀಕು ತಪ್ಪುತ್ತದೆ. ‘ಸಾಧಾರಣ ಕಾಲ, 14ನೇ ವಾರ, ಮಂಗಳವಾರ’ ಎಂದು ಬರೆದಿಡಿ. ಸಂತರ ಹಬ್ಬ ಬಂದ ದಿನ ವಾಚನ ಬೇರೆಯಾಗುವುದುಂಟು, ಧರ್ಮಸಭೆಯ ಪಂಚಾಂಗ ನೋಡಿಯೇ ಕಳಿಸಿ.

ಜೂನ್ ನಂತರ ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ರೆಕಾರ್ಡ್ ಮಾಡಲು ಆಗುವುದಿಲ್ಲ. ಮಳೆ ಹೊಳವಾದಾಗ ನಾಲ್ಕು ದಿನದ್ದನ್ನು ಒಟ್ಟಿಗೆ ಓದಿಟ್ಟುಕೊಳ್ಳಿ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು, ಬರಿಗೋಡೆಯ ಕೋಣೆ ಪ್ರತಿಧ್ವನಿಸುತ್ತದೆ. ಫೋನನ್ನು ಬಾಯಿಗೆ ನೇರವಾಗಿ ಹಿಡಿಯದೆ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಿ. ಇಲ್ಲದಿದ್ದರೆ ‘ಪ’, ‘ಭ’ಗಳ ಉಸಿರು ಮೈಕಿಗೆ ಗುದ್ದುತ್ತದೆ.

ಇನ್ನು ಗುಂಪು. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಹೊರಗೆ ಹೋಗಲು ಇದೂ ಒಂದು ಕಾರಣ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಹಿಡಿಸುತ್ತಾರೆ, ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ‘ನನಗೆ ಬರಲೇ ಇಲ್ಲ’ ಎನ್ನುವವರ ದೂರಿನ ಮೂಲ ಅಲ್ಲಿದೆ. ವಾಟ್ಸ್‌ಆ್ಯಪ್ ಚಾನೆಲ್ ಆದರೆ ನಂಬರುಗಳು ಪರಸ್ಪರ ಕಾಣುವುದಿಲ್ಲ, ನಿರ್ವಾಹಕರ ಹೊರತು ಯಾರೂ ಬರೆಯಲಾರರು. ಚಾನೆಲಿಗೆ ಹೆಸರಿಡುವ ಮುನ್ನ ನಿಮ್ಮ ಗುರುಗಳ (ಪಾದ್ರಿಗಳ) ಬಳಿ ಮಾತನಾಡಿ. ‘ಕಥೋಲಿಕ’ ಎಂಬ ಹೆಸರನ್ನು ಯಾವ ಕಾರ್ಯಕ್ಕಾದರೂ ಬಳಸಲು ಅಧಿಕಾರವುಳ್ಳವರ ಒಪ್ಪಿಗೆ ಬೇಕೆಂದು ಧರ್ಮಸಭೆಯ ಕಾನೂನಿನ 216ನೇ ವಿಧಿ ಹೇಳುತ್ತದೆ. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ (ಬಿಷಪರ ಆಡಳಿತ ಪ್ರದೇಶಕ್ಕೆ) ಸೇರಿದ್ದರಿಂದ ದೊಡ್ಡ ಮಟ್ಟದ ಯೋಜನೆಯಾದರೆ ಅಲ್ಲಿಗೂ ತಿಳಿಸಬೇಕಾಗುತ್ತದೆ.

ಧರ್ಮಕೇಂದ್ರದ (ನಮ್ಮ ಚರ್ಚಿನ) ವಾರಪತ್ರಿಕೆಯನ್ನು ಕಂಪ್ಯೂಟರಿನಿಂದ ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಏಕೆ? — ವಿರಾಜಪೇಟೆ

ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದೆ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ಮುಖ. ಆ ಫಾಂಟ್ ಇಲ್ಲದ ಮೊಬೈಲಿಗೆ ಬಂದಾಗ ಮುಖ ಕಳಚಿಬೀಳುತ್ತದೆ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸಿ ಹಾಕಿ; ಎರಡೂ ತಂತ್ರಾಂಶಗಳ ಜೊತೆ ಪರಿವರ್ತಕವಿದೆ. ಪರಿವರ್ತನೆಯ ನಂತರ ಒಮ್ಮೆ ಓದಲೇಬೇಕು: ಅರ್ಕಾವತ್ತು ಸ್ಥಳ ತಪ್ಪಿರುತ್ತದೆ, ವಚನ ಸಂಖ್ಯೆಗಳು ಕೆಟ್ಟಿರುತ್ತವೆ. ಪುಟದ ಫೋಟೊ ಹೊಡೆದು ಹಾಕುವುದು ಸುಲಭ ಎನಿಸಬಹುದು. ಆದರೆ ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಇಲ್ಲದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ.

ಬೈಬಲಿನ ಸಾಲು ಎತ್ತಿಕೊಳ್ಳುವಾಗಲೂ ಎಚ್ಚರ ಬೇಕು. ನಮ್ಮ ಬೈಬಲಿನಲ್ಲಿ 73 ಪುಸ್ತಕಗಳಿವೆ. ಅನೇಕ ಕನ್ನಡ ಆ್ಯಪ್‌ಗಳಲ್ಲಿ 66 ಮಾತ್ರ. ತೋಬಿತ, ಮಕ್ಕಬಿಯರ ಪುಸ್ತಕಗಳು ಅಲ್ಲಿ ಇರುವುದಿಲ್ಲ. ಇಡೀ ಅಧ್ಯಾಯಗಳನ್ನು ನಕಲು ಮಾಡಿ ಹಾಕುವುದಾದರೆ ಪ್ರಕಾಶಕರ ಅನುಮತಿ ಪಡೆಯಿರಿ.

ಜುಲೈ 26ರ ಸಂತ ಅನ್ನಮ್ಮನವರ ಹಬ್ಬದ ಬಲಿಪೂಜೆಯನ್ನು (ಮಾಸ್) ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿದೆವು. ಧ್ವನಿ ಒಡೆಯಿತು, ಗುಂಯ್ ಎಂಬ ಸದ್ದು ಬಂತು, ನಡುವೆ ಎರಡು ಸಲ ನಿಂತಿತು. — ಮಡಿಕೇರಿ ತಾಲ್ಲೂಕಿನ ಯುವಕರು

ಇವು ಮೂರು ಬೇರೆ ಬೇರೆ ತೊಂದರೆಗಳು.

ಧ್ವನಿ ಒಡೆಯುವುದು: ಮಿಕ್ಸರಿನ ಲೈನ್ ಔಟ್‌ನಿಂದ ನೇರ ಫೋನಿನ ಮೈಕ್ ತೂತಿಗೆ ತಂತಿ ಕೊಟ್ಟಿದ್ದೀರಿ ಎಂದು ಕಾಣುತ್ತದೆ. ಲೈನ್ ಮಟ್ಟದ ಸಂಕೇತ ಮೈಕ್ ಮಟ್ಟಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು, ಫೋನ್ ಅದನ್ನು ತಾಳಲಾರದು. ನಡುವೆ ಒಂದು ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಇಡಿ, ಇಲ್ಲವೇ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ತಂತಿ ಬಳಸಿ. ಫೋನಿಗೆ ಹೋಗುವ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಫೋನ್ ಅದನ್ನು ಹೆಡ್‌ಫೋನ್ ಎಂದುಕೊಂಡು ತನ್ನ ಸ್ವಂತ ಮೈಕಿನಿಂದಲೇ ಕೇಳುತ್ತದೆ, ಆಗ ಕೆಮ್ಮು, ಮಳೆ, ಕುರ್ಚಿ ಎಳೆದ ಸದ್ದು ಎಲ್ಲವೂ ಬರುತ್ತದೆ. ಸಭಾಂಗಣದ ಸ್ಪೀಕರಿಗೆ ಹೋಗುವ ಹದವನ್ನೇ ಪ್ರಸಾರಕ್ಕೂ ಕೊಡಬೇಡಿ. ಮಿಕ್ಸರಿನ ಆಕ್ಸ್ (ಪ್ರತ್ಯೇಕ ಹದ ಮಾಡಬಹುದಾದ ಇನ್ನೊಂದು ಔಟ್) ಬಳಸಿ ಗುರುಗಳ ಮೈಕನ್ನು ಏರಿಸಿ, ಕೀಬೋರ್ಡನ್ನು ಇಳಿಸಿ.

ಗುಂಯ್ ಸದ್ದು: ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಚಾರ್ಜರ್ ಮತ್ತು ಮಿಕ್ಸರಿನ ತಂತಿಗಳ ನಡುವೆ ಸುತ್ತುವ ವಿದ್ಯುತ್ತಿನ ಸದ್ದು. ಪವರ್ ಬ್ಯಾಂಕಿನಿಂದ ಫೋನ್ ನಡೆಸಿದರೆ ಮುಗಿಯಿತು.

ನಿಲ್ಲುವುದು: ವೇಗ ಪರೀಕ್ಷೆಯಲ್ಲಿ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ, ನಿಮಗೆ ಬೇಕಾದ್ದು ಅಪ್‌ಲೋಡ್. 480ಪಿ (ಸಾಧಾರಣ ಸ್ಪಷ್ಟತೆಯ) ಚಿತ್ರಕ್ಕೆ ಸುಮಾರು 1 ಎಂಬಿಪಿಎಸ್ ಹಿಡಿಯುತ್ತದೆ. ಏರಿಳಿತ ತಾಳಲು ಅದರ ಎರಡರಷ್ಟು ಇರಲಿ. 720ಪಿ ಬೇಕಾದರೆ 2.5ರಿಂದ 4 ಎಂಬಿಪಿಎಸ್ ಬೇಕು, ಮಳೆಗಾಲದಲ್ಲಿ ಆ ಆಸೆ ಬೇಡ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಪ್ರಬೋಧನೆಯ ಮಾತು ತುಂಡಾದರೆ ಸಹಿಸುವುದಿಲ್ಲ. ಪರೀಕ್ಷೆಯನ್ನು ಹಿಂದಿನ ಭಾನುವಾರ ಅದೇ ಹೊತ್ತಿಗೆ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ತೆರೆಯಿರಿ, ಕರೆ ಬಂದರೂ ಪ್ರಸಾರ ಕಡಿಯುತ್ತದೆ. ಕರೆಂಟು ಹೋದಾಗ ಫೈಬರ್ ಪೆಟ್ಟಿಗೆಯೂ ಸಾಯುವುದರಿಂದ ಅದಕ್ಕೊಂದು ಚಿಕ್ಕ ಡಿಸಿ ಯುಪಿಎಸ್ ಇಡಿ. ಸಾಮಾನ್ಯವಾಗಿ 12 ವೋಲ್ಟ್, ಆದರೂ ಅಡಾಪ್ಟರಿನ ಮೇಲಿನ ಚೀಟಿ ನೋಡಿಯೇ ಕೊಳ್ಳಿ. ಮರ ಬಿದ್ದು ತಂತಿಯೇ ಹರಿದರೆ ಯುಪಿಎಸ್ ಏನೂ ಮಾಡದು. ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಆಗುತ್ತಿರಲಿ, ಸಂಜೆ ಏರಿಸಬಹುದು.

ಹೊಸ ಚಾನೆಲಿನಲ್ಲಿ ನೇರ ಪ್ರಸಾರ ತೆರೆದುಕೊಳ್ಳಲು 24 ಗಂಟೆಯವರೆಗೆ ಹಿಡಿಯುತ್ತದೆ. ಮೊಬೈಲಿನಿಂದ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಹಬ್ಬದ ಬೆಳಿಗ್ಗೆ ಇದು ಗೊತ್ತಾದರೆ ದಾರಿಯೇ ಇಲ್ಲ. ಪೂಜೆಗೆ ಮುನ್ನ ಕ್ಯಾಸೆಟ್, ಸಿಡಿ ಹಾಡು ಹಾಕಬೇಡಿ, ಹಕ್ಕುಸ್ವಾಮ್ಯದ ಗುರುತು ಸಿಕ್ಕಿ ಪ್ರಸಾರ ನಿಲ್ಲಬಹುದು. ನಿಮ್ಮ ಗಾಯನ ವೃಂದವೇ ಹಾಡಲಿ. ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಸ್ವೀಕರಿಸುವವರ ಮುಖಕ್ಕೆ ಕ್ಯಾಮೆರಾ ಒಯ್ಯಬೇಡಿ, ಬಲಿಪೀಠದ ಮೇಲೇ ನಿಲ್ಲಿಸಿ.

ಅಮ್ಮ ಹಾಸಿಗೆ ಹಿಡಿದಿದ್ದಾರೆ. ಟಿವಿ, ಮೊಬೈಲಿನಲ್ಲಿ ಪೂಜೆ ನೋಡಿದರೆ ಸಾಕೇ? ಪಾಪನಿವೇದನೆ ಫೋನಿನಲ್ಲಿ ಮಾಡಬಹುದೇ? — ಸಿದ್ದಾಪುರ

ಕಾಯಿಲೆಯವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯವಿಲ್ಲ. ಅಮ್ಮನಿಗೆ ಅಪರಾಧಭಾವ ಬೇಡ. ನೋಡುವುದು ಪ್ರಾರ್ಥನೆಗೆ ನೆರವು, ಸಂಸ್ಕಾರಕ್ಕೆ (ಪರಮಪ್ರಸಾದ, ಪಾಪನಿವೇದನೆಯಂಥ ಪವಿತ್ರ ವಿಧಿಗೆ) ಬದಲಿ ಅಲ್ಲ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ವ್ಯಾಟಿಕನ್ 2002ರಲ್ಲೇ ಸ್ಪಷ್ಟವಾಗಿ ಬರೆದಿದೆ. ಪಾಪನಿವೇದನೆ ಫೋನಿನಲ್ಲಿ ಆಗುವುದಿಲ್ಲ. ಫೋನಿನಿಂದ ಮಾಡಬೇಕಾದ್ದು ಒಂದೇ: ಗುರುಗಳಿಗೆ ಕರೆ ಮಾಡಿ ‘ಮನೆಗೆ ಬನ್ನಿ ಫಾದರ್’ ಎಂದು ಹೇಳಿ. ಪರಮಪ್ರಸಾದ, ಪಾಪನಿವೇದನೆ, ಅಸ್ವಸ್ಥರ ಅಭ್ಯಂಗ (ರೋಗಿಗೆ ಪವಿತ್ರ ತೈಲ ಹಚ್ಚುವ ವಿಧಿ) ಎಲ್ಲವೂ ಅಮ್ಮನ ಹಾಸಿಗೆಯ ಬಳಿಗೇ ಬರುತ್ತವೆ.

ನೆರೆಯವರು, ಸಹೋದ್ಯೋಗಿಗಳು ಬೇರೆ ಧರ್ಮದವರು. ಅವರಿಗೂ ಯೇಸುಸ್ವಾಮಿಯ ಸಂದೇಶ ಕಳಿಸಬಹುದೇ? — ಗೋಣಿಕೊಪ್ಪ

ಕೇಳಿದವರಿಗೆ ಕಳಿಸಿ. ಶಾಲೆಯ ಗುಂಪು, ಕಾಫಿ ಬೆಳೆಗಾರರ ಗುಂಪು, ಬಡಾವಣೆಯ ಗುಂಪು ಬೇರೆ ಕೆಲಸಕ್ಕೆ ಹುಟ್ಟಿದವು. ಅಲ್ಲಿ ಹಾಕಿದ ಸಂದೇಶ ಓದಿಸಿಕೊಳ್ಳುವುದಕ್ಕಿಂತ ಮುನಿಸು ಹುಟ್ಟಿಸುವುದೇ ಹೆಚ್ಚು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಘೋಷಿಸಿತು. ಧರ್ಮವನ್ನು ಪಾಲಿಸುವ, ಸಾರುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಡುತ್ತದೆ. ಇನ್ನೊಬ್ಬರ ಧಾರ್ಮಿಕ ಭಾವನೆಯನ್ನು ದುರುದ್ದೇಶದಿಂದ ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ. ನೀವು ಬರೆಯದೆ ಮುಂದೆ ತಳ್ಳಿದ ಸಂದೇಶವೂ ನಿಮ್ಮನ್ನು ಸಿಕ್ಕಿಸಬಹುದು. ಕಾನೂನಿಗಿಂತ ಮೊದಲು, ನೆರೆಯವರ ಐನ್‌ಮನೆ, ಅವರ ಕಾವೇರಮ್ಮ, ಅವರ ಪುತ್ತರಿ ನಮ್ಮಿಂದ ಗೌರವ ಪಡೆಯಬೇಕಾದವು. ‘ಇದನ್ನು ಹೇಳಿದರೆ ಕಾಯಿಲೆ ವಾಸಿ’ ಎಂಬ ಭರವಸೆಯನ್ನು ಎಂದಿಗೂ ಕಳಿಸಬೇಡಿ. ಯಾರಾದರೂ ಮನಸಾರೆ ಕೇಳಿದರೆ ಲಿಂಕ್ ತಳ್ಳಿ ಸುಮ್ಮನಾಗಬೇಡಿ, ಕೂತು ಮಾತನಾಡಿ.

‘ಈ ನೊವೆನಾವನ್ನು (ಒಂಬತ್ತು ದಿನದ ಪ್ರಾರ್ಥನೆ) 12 ಜನಕ್ಕೆ ಕಳಿಸದಿದ್ದರೆ ಕೇಡು’ ಎಂಬ ಸಂದೇಶ ಬರುತ್ತಲೇ ಇದೆ. ಗುರುಗಳ ಫೋಟೊ ಇಟ್ಟುಕೊಂಡು ಹಣ ಕೇಳುವವರೂ ಇದ್ದಾರೆ. — ಸೋಮವಾರಪೇಟೆ

ಮೊದಲನೆಯದು ಮೂಢನಂಬಿಕೆ, ಅಳಿಸಿಬಿಡಿ. ದೇವರ ಕೃಪೆ ಫಾರ್ವರ್ಡ್ ಎಣಿಕೆಗೆ ಕಟ್ಟುಬಿದ್ದಿಲ್ಲ. ಜಗದ್ಗುರುಗಳ (ಪೋಪರ) ಮಾತು ಎಂದು ಬಂದದ್ದನ್ನು ವ್ಯಾಟಿಕನ್ ನ್ಯೂಸ್‌ನಲ್ಲಿ ಹುಡುಕಿ, ಅದು ಕನ್ನಡದಲ್ಲೂ ಇದೆ. ಹಣ ಕೇಳಿದರೆ ನಿಮ್ಮ ಬಳಿ ಮೊದಲೇ ಇರುವ ಹಳೆಯ ನಂಬರಿಗೆ ಕರೆ ಮಾಡಿ ಗುರುಗಳನ್ನೇ ವಿಚಾರಿಸಿ. ಕಳಿಸಿ ಆಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹಣ ತಡೆಯುವ ಅವಕಾಶ ಹೆಚ್ಚು.

ಧರ್ಮೋಪದೇಶದ ಮಕ್ಕಳು ಸಂತ ಕಾರ್ಲೊ ಅಕುಟಿಸ್ ಅವರಂತೆ ಏನಾದರೂ ಮಾಡಬೇಕೆನ್ನುತ್ತಾರೆ. — ಕುಶಾಲನಗರ

1991ರಲ್ಲಿ ಹುಟ್ಟಿ 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಈ ಹುಡುಗ ಪರಮಪ್ರಸಾದದ ಅದ್ಭುತಗಳನ್ನು ಊರೂರಿನಿಂದ ಸಂಗ್ರಹಿಸಿ ಜಾಲತಾಣ ಕಟ್ಟಿದ. 2025ರ ಸೆಪ್ಟೆಂಬರ್ 7ರಂದು ಸಂತಪದವಿ ಸಿಕ್ಕಿತು. ಮಕ್ಕಳು ಅನುಕರಿಸಬೇಕಾದ್ದು ಆ ತಾಳ್ಮೆಯ ಸಂಗ್ರಹವನ್ನು. ಟಿಪ್ಪುವಿನ ಸೆರೆಯಿಂದ ಬಿಡಿಸಿಕೊಂಡ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದು, 1792ರಿಂದ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಬೆಳೆದದ್ದು ಅಂಥ ಸಂಗ್ರಹಕ್ಕೆ ಒಳ್ಳೆಯ ಆರಂಭ. ಹಿರಿಯರಿಂದ ಹಳೆಯ ಕೀರ್ತನೆ, ಜಪಸರದ ರಾಗ ಹಾಡಿಸಿ ಉಳಿಸಿಕೊಳ್ಳಲಿ. ಖಾತೆ ದೊಡ್ಡವರಿಬ್ಬರ ಕೈಯಲ್ಲಿರಲಿ, ಮಕ್ಕಳ ಫೋಟೊಗೆ ಹೆತ್ತವರ ಬರಹದ ಒಪ್ಪಿಗೆ ಇರಲಿ. ಹಳೆಯ ದೀಕ್ಷಾಸ್ನಾನದ ರಿಜಿಸ್ಟರನ್ನು ಮಾತ್ರ ಫೋಟೊ ತೆಗೆದು ಹಾಕಬೇಡಿ. ಅದರಲ್ಲಿ ಇರುವುದು ಮನೆಮನೆಯ ಖಾಸಗಿ ವಿವರ, ಅದನ್ನು ತೋರಿಸುವ ಅಧಿಕಾರ ಧರ್ಮಕೇಂದ್ರದ ಗುರುಗಳದ್ದು.